ಬೇರು ಕೊಯ್ದ ಅಣಬೆ

ಕಳೆದ ಶನಿವಾರ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಗಣಿತದ ಮೇಷ್ಟ್ರು ಒಂದು ಪೊಟ್ಟಣ ತಂದರು. ಮುತ್ತುಗದ ಎಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದ್ದು. ಹಾರನಹಳ್ಳಿಯ ಹತ್ತಿರ ಅವರ ಹೊಲದ ಬದುವಿನಲ್ಲಿ ಹಿಂದಿನ ದಿನದ ಗುಡುಗು ಮಳೆಗೆ ಎದ್ದಿದ್ದವಂತೆ. “ತಗೊಳ್ಳಿ ಮೇಡಂ, ನಾಟಿ ಅಣಬೆ, ಪ್ಯಾಕೆಟ್ಟಿಂದಲ್ಲ” ಎಂದು ನನ್ನ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟರು.

ಎಲೆ ಬಿಚ್ಚುವ ಮೊದಲೇ ವಾಸನೆ ಬಂತು. ಒದ್ದೆ ಮಣ್ಣಿನದು, ಹಸಿ ಕಡಲೆಕಾಯಿ ಸಿಪ್ಪೆಯದು, ಅದರ ಹಿಂದೆ ಇನ್ನೊಂದು ತೆಳು ಸಿಹಿ. ನಾನು ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಕೈ ತೊಳೆದೆ. ಏನನ್ನೂ ಮುಟ್ಟಿರಲಿಲ್ಲ. ಆದರೂ ಮೊಣಕೈವರೆಗೆ ತೊಳೆದೆ. ವಾಪಸ್ ಬಂದು ಪೊಟ್ಟಣ ಬಿಚ್ಚಿ, ಒಂದೊಂದೇ ಅಣಬೆಯನ್ನು ಪೆನ್ನಿನ ತುದಿಯಿಂದ ಹೊರಳಿಸಿ ನೋಡಿದೆ. ಎಲ್ಲಕ್ಕೂ ಬೇರಿತ್ತು. ಗೇಣುದ್ದದ ಕಪ್ಪು ಬೇರು.

“ಏನ್ ಹುಡುಕ್ತಿದ್ದೀರಿ? ಹುಳ ಇಲ್ಲ ಕಣ್ರೀ, ಬೆಳಿಗ್ಗೆ ಕಿತ್ತಿದ್ದು” ಎಂದರು ಮೇಷ್ಟ್ರು.

ಆರು ವರ್ಷದ ಹಿಂದೆ ನಾನು ಮೇಷ್ಟ್ರುಗಿರಿಯಲ್ಲಿ ಇರಲಿಲ್ಲ. ಎಂ.ಎ. ಮುಗಿಸಿ, ಕೆ.ಆರ್. ನಗರದ ನಮ್ಮ ಮನೆಯಲ್ಲಿ ಒಂದು ವರ್ಷ ಕೂತು, ಕೊನೆಗೆ ಮೈಸೂರಿನ ಒಂದು ಸಣ್ಣ ಟಿ.ವಿ. ಚಾನೆಲ್ಲಿಗೆ ಸೇರಿದ್ದೆ. ‘ಊರೂರ ಒಲೆ’ ಎಂಬ ಅಡುಗೆ ಕಾರ್ಯಕ್ರಮ. ವಾರಕ್ಕೊಂದು ಊರಿಗೆ ಹೋಗಿ ಅಲ್ಲಿಯವರ ಅಡುಗೆಯನ್ನು ಅಲ್ಲೇ, ಅವರ ಒಲೆಯ ಮೇಲೆ ಮಾಡಿ ತೋರಿಸುವುದು. ಏನು ಬೇಯಿಸುತ್ತಾರೆ, ಯಾಕೆ ಹಾಗೆ ಬೇಯಿಸುತ್ತಾರೆ ಎಂದು ಮೊದಲೇ ಹೋಗಿ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಕ್ಯಾಮರಾದ ಮುಂದೆ ಮೇಜು, ಬುಟ್ಟಿ, ಪಾತ್ರೆಗಳನ್ನು ಜೋಡಿಸಿಡುವುದೂ ನನ್ನದೇ.

ಅಡುಗೆ ಮಾಡುತ್ತಿದ್ದವರು ಮೆಹಬೂಬಣ್ಣ. ಹುಣಸೂರಿನವರು. ಅವರ ತಂದೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. ಮಗ ಕುಲುಮೆಯ ಮುಂದೆ ಕೂರುವ ಬದಲು, ಊರಿಗೆ ಕ್ಯಾಂಪ್ ಬಂದಿದ್ದ ನಾಟಕ ಕಂಪನಿಯ ಹಿಂದೆ ಹೊರಟುಬಿಟ್ಟರು. ಇಪ್ಪತ್ತು ವರ್ಷ ಹಾಸ್ಯದ ಪಾತ್ರ. ಪಿರಿಯಾಪಟ್ಟಣದ ಕ್ಯಾಂಪಿನಲ್ಲಿ ಕಂಪನಿಯ ಅಡುಗೆಯವನು ಹೇಳದೆ ಕೇಳದೆ ಓಡಿಹೋದಾಗ, ಮುಖಕ್ಕೆ ಬಣ್ಣ ಹಚ್ಚಿಕೊಂಡೇ ಸೌಟು ಹಿಡಿದರು. ಒಂದು ಸೀನಿಗೂ ಇನ್ನೊಂದು ಸೀನಿಗೂ ನಡುವೆ ಓಡಿಬಂದು ಸಾರಿಗೆ ಒಗ್ಗರಣೆ ಹಾಕಿ ಹೋಗುತ್ತಿದ್ದರಂತೆ. ಕಂಪನಿ ಮುಚ್ಚಿತು, ಸೌಟು ಕೈಯಲ್ಲೇ ಉಳಿಯಿತು. ಮದುವೆ ಮನೆಗಳಲ್ಲಿ ಅಡುಗೆ ಮಾಡಿದರು, ಹುಣಸೂರಿನಲ್ಲಿ ಸಣ್ಣ ಹೋಟೆಲಿಟ್ಟರು. ಯಾವುದೋ ಮದುವೆಯಲ್ಲಿ ಬಿರಿಯಾನಿ ಹಂಡೆಯ ಮುಚ್ಚಳ ತೆಗೆಯುತ್ತಾ ಕಂದಪದ್ಯದ ಧಾಟಿಯಲ್ಲಿ ಮಸಾಲೆಗಳ ಹೆಸರು ಹಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದರು. ಅದು ಎಲ್ಲೆಲ್ಲೋ ಸುತ್ತಿ ನಮ್ಮ ಚಾನೆಲ್ಲಿಗೆ ಬಂತು. ಅಲ್ಲಿಂದ ಅವರೂ ಬಂದರು.

ನಿರ್ದೇಶಕ ಪ್ರಕಾಶ್ ಸರ್‌ಗೆ ಮೊದಮೊದಲು ಅವರನ್ನು ಕಂಡರೆ ತಲೆಬಿಸಿ. ಮೆಹಬೂಬಣ್ಣ ರೀಟೇಕ್ ಕೊಡುತ್ತಿರಲಿಲ್ಲ. “ನಾಟಕದಲ್ಲಿ ಬಾಯಿಂದ ಬಿದ್ದ ಮಾತನ್ನ ವಾಪಸ್ ನುಂಗಕ್ಕಾಯ್ತದಾ ಸರ್? ಬಿದ್ದಿದ್ದು ಬಿತ್ತು, ಮುಂದಕ್ಕೋಗಾಣ” ಎನ್ನುತ್ತಿದ್ದರು. ಇನ್ನೊಂದು ಅಭ್ಯಾಸ ಇದಕ್ಕಿಂತ ವಿಚಿತ್ರ. ರಂಗದ ಮೇಲೆ ಇಟ್ಟ ಸಾಮಾನನ್ನು ಮುಟ್ಟದೆ ಅವರು ಕೆಳಗಿಳಿಯುತ್ತಿರಲಿಲ್ಲ. ಕಂಪನಿಯ ಕಾಲದ ಪಾಠ. ಕುರ್ಚಿ ಇಟ್ಟರೆ ಕೂರಬೇಕು, ಕೊಡೆ ಇಟ್ಟರೆ ಬಿಚ್ಚಬೇಕು, ಇಲ್ಲದಿದ್ದರೆ ಜನ ಇಡೀ ನಾಟಕ ಕೊಡೆಯನ್ನೇ ನೋಡುತ್ತಾರೆ. ಒಮ್ಮೆ ನಾನು ನಮ್ಮೂರಿನ ಶೂಟಿಂಗಿನಲ್ಲಿ ಮೀನು ಸಾರಿನ ಪಕ್ಕ ಚೆಂದಕ್ಕೆಂದು ಒಂದು ಗೊಂಚಲು ಮಾವಿನಕಾಯಿ ಇಟ್ಟೆ. ಮಾತಾಡುತ್ತಾ ಮಾತಾಡುತ್ತಾ ಎರಡು ಕಾಯಿ ಕಿತ್ತು, ಸೀಳಿ, ಸಾರಿಗೆ ಹಾಕಿಯೇಬಿಟ್ಟರು. ಹುಣಸೆಹುಳಿ ಆಗಲೇ ಬಿದ್ದಿತ್ತು. ಸಾರು ಬಾಯಿಗಿಡಲಾಗದಷ್ಟು ಹುಳಿ. ಮೆಹಬೂಬಣ್ಣ ಮಾತ್ರ ಕ್ಯಾಮರಾದ ಮುಂದೆ ಕಣ್ಣು ಮುಚ್ಚಿ “ಆಹಾ!” ಎಂದರು.

ಆಮೇಲೆ ನನ್ನ ಕಡೆ ತಿರುಗಿ, “ಎಂ.ಎ. ಮೇಡಂ, ಇನ್ಮೇಲೆ ನನ್ ಕಣ್ಣಿಗೆ ಬೀಳೋಂಗೆ ಏನಾದ್ರೂ ಇಡೋ ಮುಂಚೆ ಒಂದ್ಸಲ ಯೋಚ್ನೆ ಮಾಡಮ್ಮ. ಚಪ್ಪಲಿ ಇಟ್ರೂ ಹಾಕ್ಬುಡ್ತೀನಿ ನಾನು” ಎಂದಿದ್ದರು. ಎಲ್ಲರೂ ನಕ್ಕೆವು. ಈ ಅಭ್ಯಾಸ ನನಗೆ ಗೊತ್ತಿರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳುವಂತಿಲ್ಲ.

ಪ್ರತಿ ಶೂಟಿಂಗಿನ ಕೊನೆಗೆ ಮೊದಲ ಚಮಚ ಅವರದು, ಕ್ಯಾಮರಾಕ್ಕಾಗಿ. ಎರಡನೆಯದು ನನ್ನದು. “ನನ್ ನಾಲಿಗೆ ಆಕ್ಟ್ ಮಾಡ್ತದೆ ಕಣಮ್ಮ. ನಿಜ ನೀನು ಹೇಳು” ಎಂದು ಅದೇ ಚಮಚ ತೊಳೆದು ನನಗೆ ತುಂಬಿ ಕೊಡುತ್ತಿದ್ದರು.

ಆ ವರ್ಷ ಮುಂಗಾರು ಸಮಯಕ್ಕೆ ಸರಿಯಾಗಿ ಬಂತು. ಹನಗೋಡಿನ ಹತ್ತಿರ ಲಕ್ಷ್ಮಣತೀರ್ಥ ಕೆಂಪಗೆ ಹರಿಯುತ್ತಿತ್ತು. ಹೊಗೆಸೊಪ್ಪಿನ ಸಸಿ ನೆಡುವವರು ಗೋಣಿಕೊಪ್ಪೆ ಹಾಕಿಕೊಂಡು ಹೊಲಗಳಲ್ಲಿ ಬಗ್ಗಿದ್ದರು. ಮಳೆಗಾಲಕ್ಕೆ ಅಣಬೆಯ ಎಪಿಸೋಡ್ ಮಾಡೋಣ ಎಂದವಳು ನಾನೇ. ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ಕಾಡಂಚಿನಲ್ಲಿರುವ ಒಂದು ಹಾಡಿಗೆ, ಬುಡಕಟ್ಟಿನವರ ಪುಟ್ಟ ಊರಿಗೆ ಹೋಗಿ, ಬೊಮ್ಮಜ್ಜಿ ಎಂಬುವರನ್ನು ಹುಡುಕಿಕೊಂಡವಳೂ ನಾನೇ. ಅಣಬೆ ಕೀಳುವುದರಲ್ಲಿ ಸುತ್ತಲಿನ ಹಾಡಿಗಳಲ್ಲಿ ಅವರ ಕಣ್ಣು ಚುರುಕು ಎಂದು ಎಲ್ಲರೂ ಹೇಳುತ್ತಿದ್ದರು. ಮಳೆಗಾಲದಲ್ಲಿ ಅವರ ಬುಟ್ಟಿ ರಸ್ತೆ ಬದಿಯಲ್ಲಿ ಇಳಿದ ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತಿತ್ತು.

ಶೂಟಿಂಗಿನ ದಿನ ಸೋಮವಾರ. ನಾವು ಹೋಗುವಷ್ಟರಲ್ಲಿ ಬೊಮ್ಮಜ್ಜಿ ಹುತ್ತದ ಕಡೆ ಹೋಗಿ ಬಂದು, ಅರ್ಧ ಬುಟ್ಟಿ ಅಣಬೆ ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಒಂದೊಂದಕ್ಕೂ ತಲೆಯ ಮೇಲಿನ ಕೊಡೆಗಿಂತ ಉದ್ದದ ಬೇರು, ತುದಿಯಲ್ಲಿ ಕೆಮ್ಮಣ್ಣು.

“ಇಷ್ಟುದ್ದ ಬೇರು ಯಾಕಜ್ಜಿ ಇಟ್ಟುಕೊಂಡು ಬಂದಿದ್ದೀರಿ? ಮಣ್ಣಾಗಲ್ವಾ?” ಎಂದು ಕೇಳಿದೆ.

“ಬೇರೇ ಅದ್ರ ಗುರ್ತು ಕಣವ್ವ” ಎಂದರು. “ಉತ್ತದೊಳ್ಗಿಂದ ಬಂದಿದ್ದಾದ್ರೆ ಬೇರಿರ್ತದೆ. ಕೊಯ್ಯಂಗಿಲ್ಲ, ಎಳ್ದು ಕೀಳ್ಬೇಕು. ಒಲೆ ಮುಂದೆ ಕುಂತು ನಾನೇ ಮುರಿತೀನಿ. ಮುರ್ದ ಬೇರ್ನ ಒಲೆ ಪಕ್ಕ ಸಾಲಾಗಿ ಮಡಗ್ತೀನಿ. ಮಡಕೇಲಿ ಅತ್ತು ಅಣಬೆ ಇದ್ರೆ ಇಲ್ಲಿ ಅತ್ತು ಬೇರಿರ್ಬೇಕು. ಉಂಡೋರೆಲ್ಲ ಮಾರ್ನೆ ದಿನ ಎದ್ದು ಓಡಾಡ್ದ ಮ್ಯಾಲೇ ಬೇರು ಎಸೆಯಾದು. ನಮ್ಮವ್ವ ಅಂಗೇ ಮಾಡ್ತಿದ್ಲು.”

ಇದನ್ನು ನಾನು ಬರೆದುಕೊಂಡೆ. ಆ ನೋಟ್‌ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಅಕ್ಷರಗಳು ದುಂಡಗೆ, ಅವಸರವಿಲ್ಲದೆ ಇವೆ. ‘ಒಂದು ಅಣಬೆ, ಒಂದು ಬೇರು’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಪ್ರಕಾಶ್ ಸರ್ ಕ್ಯಾಮರಾದಲ್ಲಿ ಬುಟ್ಟಿ ನೋಡಿ ಮುಖ ಸಿಂಡರಿಸಿದರು. “ಏನ್ರೀ ಸವಿತಾ, ಬುಟ್ಟಿ ಅರ್ಧ ಖಾಲಿ. ಬೇರು ನೋಡಿದ್ರೆ ಇಲಿ ಬಾಲ ಇದ್ದಂಗಿದೆ. ಕ್ಲೀನ್ ಮಾಡಿ, ಬೆಳ್ಳಗೆ, ತುಂಬಿ ತುಳುಕೋ ಹಾಗಿರ್ಬೇಕು. ಮೋಡ ಬೇರೆ ಮುಚ್ಕೊಂಡು ಬರ್ತಿದೆ, ಬೇಗ.”

ನಾನು ಅಣಬೆಗಳನ್ನು ಎರಡು ಪಾಲು ಮಾಡಿದೆ. ಒಂದು ಪಾಲನ್ನು ಬೇರಿನ ಸಮೇತ ಬೊಮ್ಮಜ್ಜಿಗೇ ಬಿಟ್ಟೆ. ಅದರಲ್ಲಿ ಅವರು ನಮಗೆಲ್ಲ ಮಧ್ಯಾಹ್ನದ ಸಾರು ಮಾಡುವುದು, ಜೊತೆಗೆ ಮೆಹಬೂಬಣ್ಣನ ಮಡಕೆಗೆಂದು ಒಂದು ಬಟ್ಟಲು ಬಿಡಿಸಿ ಕೊಡುವುದು ಎಂದಾಗಿತ್ತು. ಇನ್ನೊಂದು ಪಾಲು ಬುಟ್ಟಿಗೆ, ಬರೀ ತೋರಿಸಲಿಕ್ಕೆ. ಅವುಗಳ ಬೇರನ್ನು ಕತ್ತರಿಯಿಂದ ಕತ್ತರಿಸಿ, ಜೀಪಿನ ಕ್ಯಾನಿನ ನೀರಲ್ಲಿ ತೊಳೆದೆ. ಬುಟ್ಟಿ ಇನ್ನೂ ಬಡವಾಗಿ ಕಂಡಿತು.

ಹಾಡಿಯ ಆಚೆ, ರಸ್ತೆಯಂಚಿನ ಮರಗಳ ಸಾಲಿನಡಿ ತರಗೆಲೆಗಳ ನಡುವೆ ಆರು ದೊಡ್ಡ ಅಣಬೆ ನಿಂತಿದ್ದವು. ಹಾಲಿನಷ್ಟು ಬಿಳಿ. ಕುತ್ತಿಗೆಯ ಸುತ್ತ ತೆಳು ಲಂಗದಂಥ ಪೊರೆ. ಬುಡದಲ್ಲಿ ಒಡೆದ ಮೊಟ್ಟೆಯ ಚಿಪ್ಪಿನಂಥದ್ದೊಂದು ಬಟ್ಟಲು. ಮಣ್ಣು ಹತ್ತಿಕೊಂಡಿದೆ ಎಂದುಕೊಂಡು ಅದನ್ನೂ ಸೇರಿಸಿ ಬುಡ ಕತ್ತರಿಸಿ ಎಸೆದೆ. ಬುಟ್ಟಿಯ ಮೇಲ್ಗಡೆ ಜೋಡಿಸಿದೆ. ಎಷ್ಟು ಚೆಂದ ಕಂಡವೆಂದರೆ, ಕ್ಯಾಮರಾದವನು ಹೆಬ್ಬೆರಳೆತ್ತಿ ತೋರಿಸಿದ.

“ಇವು ರಸ್ತೆ ಹತ್ರ ಸಿಕ್ಕಿದ್ದು ಸರ್, ಅಜ್ಜಿ ಕಿತ್ತಿದ್ದಲ್ಲ” ಎಂದೆ.

“ಶೋಗೆ ತಾನೇ, ಬಿಡಿ” ಎಂದರು ಪ್ರಕಾಶ್ ಸರ್.

ಮೆಹಬೂಬಣ್ಣನಿಗೆ ಹೇಳಲಿಲ್ಲ. ಅವರು ಅಲ್ಲೇ ಇದ್ದರು, ಹಲಸಿನ ಮರದ ಕೆಳಗೆ, ಕನ್ನಡಿ ಹಿಡಿದು ಮೀಸೆ ತಿದ್ದಿಕೊಳ್ಳುತ್ತಾ ಏನೋ ರಾಗ ಗುನುಗುತ್ತಿದ್ದರು. ಹತ್ತು ಹೆಜ್ಜೆ ದೂರ. ಬುಟ್ಟಿ ತೋರಿಸಲಿಕ್ಕೆ, ಬಟ್ಟಲು ಬೇಯಿಸಲಿಕ್ಕೆ ಎಂದು ಅಷ್ಟು ಹೇಳಲು ಎಷ್ಟು ಹೊತ್ತು ಬೇಕು? ನಾನು ಆಮೇಲೆ ಎಷ್ಟೋ ಸಲ ಗಡಿಯಾರ ಹಿಡಿದು ಆ ವಾಕ್ಯ ಹೇಳಿ ನೋಡಿದ್ದೇನೆ. ಮೂರು ಸೆಕೆಂಡು.

ಕ್ಯಾಮರಾ ಓಡಿತು. ಅವರು ಬುಟ್ಟಿಯನ್ನೆತ್ತಿ ಮಗುವಿನಂತೆ ತೂಗಿದರು. “ಆಹಾ, ಏನೀ ಬೆಳ್ದಿಂಗಳು! ಹಗಲೊತ್ತಲ್ಲಿ ಬುಟ್ಟೀಲಿ ಬಂದು ಕುಂತದಲ್ಲ!” ಎಂದು ಕಂಪನಿಯ ಧಾಟಿಯಲ್ಲಿ ಎಳೆದರು. ಒಲೆಯ ಮೇಲಿನ ಪುಟ್ಟ ಮಡಕೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಜಜ್ಜಿದ ಹಸಿಮೆಣಸಿನಕಾಯಿ ಬಾಡುತ್ತಿದ್ದವು. ಅಜ್ಜಿ ಬಿಡಿಸಿಟ್ಟ ಬಟ್ಟಲು ಎಡಗಡೆ ಇತ್ತು. ಅವರ ಕೈ ಅದನ್ನು ದಾಟಿ ಬುಟ್ಟಿಗೆ ಹೋಯಿತು. ಮೇಲಿನ ಆ ಬಿಳಿಯವನ್ನೇ ತೆಗೆದು, ಹಾಡುತ್ತಾ, ಸೀಳಿ ಸೀಳಿ ಮಡಕೆಗೆ ಹಾಕಿದರು.

ನಾನು ಕ್ಯಾಮರಾದ ಪಕ್ಕದಲ್ಲಿದ್ದೆ. ‘ಕಟ್’ ಎನ್ನಲು ಬಾಯಿ ತೆರೆದದ್ದು ನೆನಪಿದೆ. ಇವರು ರೀಟೇಕ್ ಕೊಡುವುದಿಲ್ಲ, ಮೋಡ ಕವಿದಿದೆ, ಪ್ರಕಾಶ್ ಸರ್ ರೇಗುತ್ತಾರೆ, ಅದೂ ಅಣಬೆಯೇ ತಾನೇ, ಇಲ್ಲೇ ಮಾರು ದೂರದಲ್ಲಿ ಬೆಳೆದದ್ದು ತಾನೇ. ಇಷ್ಟೂ ಒಂದೇ ಉಸಿರಿನಲ್ಲಿ ಬಂತು. ಬಾಯಿ ಮುಚ್ಚಿಕೊಂಡೆ.

ಬೊಮ್ಮಜ್ಜಿ ಕತ್ತು ಮುಂದೆ ಮಾಡಿ ಮಡಕೆಯೊಳಗೆ ನೋಡಿದರು. “ಏಯ್, ಇದ್ರ ಬೇರೆಲ್ಲಪ್ಪ?”

“ಬೇರು ನಿಮ್ ಅತ್ರ ಇರ್ಲಿ ಅಜ್ಜಿ, ರುಚಿ ನನ್ ಅತ್ರ ಇರ್ಲಿ!” ಎಂದರು ಮೆಹಬೂಬಣ್ಣ. ಎಲ್ಲರೂ ನಕ್ಕರು. ಬೆಂದ ಮೇಲೆ ಚಮಚ ತುಂಬಿ ಅಜ್ಜಿಯ ಬಾಯಿಗೆ ಹಿಡಿದರು. “ಮೊದ್ಲು ಮನೆ ಯಜಮಾನ್ತಿ.”

ಅಜ್ಜಿ ಚಮಚವನ್ನು ಕೈಯಿಂದ ಆಚೆ ತಳ್ಳಿದರು. “ಬ್ಯಾಡ. ಬೇರು ಕಾಣ್ದೆ ನಾ ತಿನ್ನಕಿಲ್ಲ.”

“ನೋಡಿ ವೀಕ್ಷಕರೇ, ಅಜ್ಜಿಗೆ ನಾಚ್ಕೆ!” ಎಂದು ತಾವೇ ತಿಂದು, ಕಣ್ಣು ಮುಚ್ಚಿ, “ಆಹಾ!” ಎಂದರು. ಕ್ಯಾಮರಾ ನಿಂತಿತು. ಚಮಚ ತೊಳೆದು, ತುಂಬಿ, ನನ್ನ ಕಡೆ ಚಾಚಿದರು. “ಬಾ ಎಂ.ಎ. ಮೇಡಂ, ನಿಜ ಹೇಳು.”

“ಸೋಮವಾರ ಅಣ್ಣ” ಎಂದೆ.

ನಮ್ಮ ಮನೆಯಲ್ಲಿ ಅಣಬೆಯನ್ನು ಬಾಡಿನ ಲೆಕ್ಕದಲ್ಲೇ ಇಡುತ್ತಾರೆ, ಸೋಮವಾರ ಮುಟ್ಟುವುದಿಲ್ಲ. ಅದು ಅವರಿಗೂ ಗೊತ್ತಿತ್ತು. “ಅಯ್ಯೋ, ನಿನ್ ಶಿವನಿಗೆ ಇವತ್ತೇ ಬರ್ಬೇಕಿತ್ತಾ? ಬುಡು, ನಿನ್ ಪಾಲೂ ನಂದೇ” ಎಂದು ಅದನ್ನೂ ತಿಂದರು. ಆಮೇಲೆ ಮಡಕೆ ಕೆಳಗಿಳಿಸಿಕೊಂಡು, ಮಾತಾಡುತ್ತಾ ಮಾತಾಡುತ್ತಾ, ಬಳಿದು ತಿಂದರು.

ಉಳಿದವರೆಲ್ಲ ಬೊಮ್ಮಜ್ಜಿಯ ಸಾರಿನಲ್ಲಿ ಮುದ್ದೆ ಉಂಡರು. ಅಜ್ಜಿಯ ಒಲೆಯ ಪಕ್ಕ ಬೇರುಗಳು ಸಾಲಾಗಿ ಮಲಗಿದ್ದವು.

ಮಂಗಳವಾರ ಬೆಳಿಗ್ಗೆ ಮೆಹಬೂಬಣ್ಣನ ಹೆಂಡತಿ ಜುಬೇದಕ್ಕ ಫೋನ್ ಮಾಡಿದರು. ಬೆಳಗಿನ ಜಾವದಿಂದ ವಾಂತಿ, ಭೇದಿ, ನಿಲ್ಲುತ್ತಲೇ ಇಲ್ಲ. ನಾನು ಮೈಸೂರಿನಿಂದ ಬಸ್ಸು ಹಿಡಿದು ಹುಣಸೂರಿಗೆ ಹೋಗುವಷ್ಟರಲ್ಲಿ ಒಂದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದರು. ಡಾಕ್ಟರು ಕೇಳಿದರು, “ನಿನ್ನೆ ಏನು ತಿಂದಿದ್ದರು?”

“ಅಣಬೆ ಸರ್” ಎಂದೆ. “ಹಾಡಿಯ ಅಜ್ಜಿ ಕಿತ್ತುಕೊಟ್ಟಿದ್ದು.”

“ಬೇರೆ ಯಾರಾದರೂ ತಿಂದಿದ್ದಾರಾ?”

“ಎಲ್ಲರೂ ತಿಂದಿದ್ದಾರೆ. ಎಲ್ಲರೂ ಚೆನ್ನಾಗಿದ್ದಾರೆ.”

ಅದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಡಾಕ್ಟರು ತಲೆಯಾಡಿಸಿದರು. ಹಾಗಾದರೆ ಅಣಬೆ ಇರಲಾರದು, ನೀರಿನದಿರಬೇಕು ಎಂದು ಬರೆದುಕೊಂಡರು.

ಬುಧವಾರ ಅವರು ಚೇತರಿಸಿಕೊಂಡರು. ವಾಂತಿ ನಿಂತಿತು. ಹಟ ಮಾಡಿ ಮನೆಗೆ ಹೋದರು. ಗುರುವಾರ ನಾನು ನೋಡಲು ಹೋದಾಗ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಶುಂಠಿ ಸಿಪ್ಪೆ ತೆಗೆಯುತ್ತಿದ್ದರು. “ಬಾರಮ್ಮ. ಹೊಟ್ಟೆ ಖಾಲಿ ಆದ್ಮೇಲೆ ರಾಗ ಎಷ್ಟ್ ಮೇಲಕ್ಕೋಯ್ತದೆ ಕೇಳು” ಎಂದು ಒಂದು ಸಾಲು ಹಾಡಿಯೇಬಿಟ್ಟರು. ಜುಬೇದಕ್ಕ ಒಳಗಿನಿಂದ, “ಸಾಕು ಸುಮ್ನಿರ್ರೀ, ಪಕ್ಕದ ಮನೆಯೋರು ಈಗಷ್ಟೇ ನೆಮ್ಮದಿಯಾಗಿ ಕೂತವ್ರೆ” ಎಂದು ಬೈದರು. ನಾನು ಹೇಳಬೇಕೆಂದೇ ಹೋಗಿದ್ದೆ. ಆ ನಗು ನೋಡಿ, ಇನ್ನು ಹೇಳುವ ಅಗತ್ಯವೇ ಇಲ್ಲ ಎನ್ನಿಸಿತು. ಶುಂಠಿ ಚಹಾ ಕುಡಿದು ಬಂದೆ. ಅಷ್ಟು ರುಚಿಯ ಚಹಾ ನಾನು ಆಮೇಲೆ ಕುಡಿದಿಲ್ಲ.

ಶುಕ್ರವಾರ ಅವರ ಕಣ್ಣು ಹಳದಿಯಾಯಿತು.

ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ನಾನು ಎಲ್ಲವನ್ನೂ ಹೇಳಿದೆ. ಬಿಳಿ ಅಣಬೆ, ಲಂಗ, ಬುಡದ ಬಟ್ಟಲು, ಕತ್ತರಿ. ಚಿಕ್ಕ ವಯಸ್ಸಿನ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಇದನ್ನ ಮಂಗಳವಾರವೇ...” ಎಂದು ಶುರು ಮಾಡಿ, ಪೂರ್ತಿ ಮಾಡದೆ ಒಳಗೆ ಹೋದರು. ಈ ವಿಷ ಮೊದಲು ಹೊಟ್ಟೆ ಕೆಡಿಸುತ್ತದೆ, ನಡುವೆ ಒಂದೆರಡು ದಿನ ಗುಣವಾದಂತೆ ಕಾಣುತ್ತದೆ, ಅಷ್ಟರಲ್ಲಿ ಒಳಗೆ ಲಿವರನ್ನು ತಿಂದಿರುತ್ತದೆ ಎಂದು ಆಮೇಲೆ ಇನ್ನೊಬ್ಬರು ವಿವರಿಸಿದರು. ಮೊದಲೇ ಹೇಳಿದ್ದರೂ ಉಳಿಯುತ್ತಿದ್ದರು ಎನ್ನಲಾಗದು ಎಂದೂ ಹೇಳಿದರು. ನನಗಾಗಿ ಹೇಳಿದರೋ, ನಿಜವೋ, ನಾನು ಕೇಳಲಿಲ್ಲ.

ಮೆಹಬೂಬಣ್ಣನಿಗೂ ಹೇಳಿದೆ. ಶುಕ್ರವಾರ ಸಂಜೆ, ಅವರಿಗೆ ಇನ್ನೂ ಪೂರ್ತಿ ಎಚ್ಚರವಿದ್ದಾಗ. ಇನ್ನೂ ಒಂದು ಮಾತು ಉಳಿದಿತ್ತು, ಅದನ್ನೂ ಹೇಳಿದೆ. ಆ ವರ್ಷ ನಾನು ಸೋಮವಾರ ಪಾಲಿಸುತ್ತಿರಲಿಲ್ಲ. ಮನೆ ಬಿಟ್ಟು ಹೊರಗೆ ಬಿದ್ದ ಮೇಲೆ ಸೋಮವಾರಗಳಲ್ಲಿ ಕೋಳಿಯನ್ನೂ ತಿಂದಿದ್ದೆ. ಆ ದಿನ ಚಮಚ ಮುಂದೆ ಬಂದಾಗ ಬಾಯಿಗೆ ಬಂದ ನೆಪ ಅದು. ಅಂದರೆ ನನ್ನೊಳಗೆ ಯಾರೋ ಒಬ್ಬಳಿಗೆ ಗೊತ್ತಿತ್ತು. ಅವಳು ನನ್ನನ್ನು ಮಾತ್ರ ಉಳಿಸಿದಳು.

ಅವರ ನಾಲಿಗೆ ಒಣಗಿತ್ತು, ಚಮಚದಲ್ಲಿ ನೀರು ಕೇಳಿ ಕುಡಿದರು.

“ಇಟ್ಟಿದ್ದು ನೀನು” ಎಂದರು. “ಮುಟ್ಟಿದ್ದು ನಾನು. ಅದು ನಮ್ಮಿಬ್ರದಾಯ್ತು. ಆ ಅಜ್ಜಿ ಕೇಳುದ್ಲಲ್ಲಮ್ಮ, ಬೇರೆಲ್ಲಿ ಅಂತ. ನಾನು ಜನ ನಗ್ಲಿ ಅಂತ ಅವಳ ಮಾತ್ನ ಮುರುದ್ಬುಟ್ಟೆ. ಹೋಗಿ ಅವಳಿಗೆ ಹೇಳು. ಕ್ಯಾಮರಾ ಇಲ್ದೆ ಹೇಳು.”

ಭಾನುವಾರ ಮಧ್ಯಾಹ್ನ ಅವರು ತೀರಿಕೊಂಡರು. ಹುಣಸೂರಿನಲ್ಲಿ ಮಣ್ಣು ಮಾಡಿದ ದಿನ ಜೋರು ಮಳೆ. ಗಂಡಸರು ಕೊಡೆ ಮಡಚಿಟ್ಟು ನೆನೆಯುತ್ತಾ ನಡೆದರು. ಜುಬೇದಕ್ಕನಿಗೆ ನಾನೇ ಹೇಳಬೇಕಿತ್ತು, ಹೇಳಿದೆ. ಅವರು ಚೀರಲಿಲ್ಲ. “ಇನ್ಮೇಲೆ ಈ ಮನೆಗೆ ಬರ್ಬೇಡ ಸವಿತಾ” ಎಂದರು. “ನಿನ್ನ ಬೈಯೋಕೂ ನಂಗೆ ಶಕ್ತಿ ಇಲ್ಲ.”

ಅಷ್ಟರಲ್ಲಿ ಇನ್ನೊಂದು ಆಗಿಹೋಗಿತ್ತು. ನಮ್ಮವರಲ್ಲೇ ಯಾರೋ ಇಪ್ಪತ್ತು ಸೆಕೆಂಡಿನ ತುಣುಕೊಂದನ್ನು ಹೊರಗೆ ಬಿಟ್ಟಿದ್ದರು. ಬೊಮ್ಮಜ್ಜಿ ಚಮಚವನ್ನು ಆಚೆ ತಳ್ಳುವುದು, ‘ಬ್ಯಾಡ’ ಎನ್ನುವುದು, ಮೆಹಬೂಬಣ್ಣ ತಿನ್ನುವುದು. ಬೇರಿನ ಮಾತು ಅದರಲ್ಲಿರಲಿಲ್ಲ. ‘ತಾನು ತಿನ್ನದೆ ತಿನ್ನಿಸಿ ಕೊಂದಳು’ ಎಂದು ಕೆಳಗೆ ಬರೆದಿತ್ತು. ಅದು ಫೋನಿಂದ ಫೋನಿಗೆ ಹೋಯಿತು. ಎಚ್.ಡಿ. ಕೋಟೆಯ ರಸ್ತೆಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಹಾಡಿಯ ಹೆಂಗಸರನ್ನು ಜನ ಎಬ್ಬಿಸಿ ಕಳಿಸಿದರು. ಅಣಬೆ ಮಾತ್ರವಲ್ಲ, ಅವರ ಜೇನನ್ನೂ ಕೊಳ್ಳಲಿಲ್ಲ.

ಪ್ರಕಾಶ್ ಸರ್ ಹೇಳಿದ್ದು ಇಷ್ಟೇ: “ಕಾಡಿನ ಅಣಬೆ, ಕಾಡಿನವರು ಕೊಟ್ರು. ಅದಕ್ಕಿಂತ ಜಾಸ್ತಿ ಯಾರಿಗೂ ಬೇಕಿಲ್ಲ. ನಿಮ್ಮ ಭವಿಷ್ಯ ನೋಡ್ಕೊಳ್ಳಿ.” ನಾನು ವಿಚಾರಣೆಗೆ ಬಂದ ಅಧಿಕಾರಿಗಳಿಗೆ ಬರೆದುಕೊಟ್ಟೆ, ಸಹಿ ಹಾಕಿದೆ, ಕೆಲಸ ಬಿಟ್ಟೆ. ಅಜ್ಜಿಯ ತಪ್ಪಿಲ್ಲ ಎಂದು ಕಾಗದದಲ್ಲಿ ಆಯಿತು. ಆ ಕಾಗದವನ್ನು ಯಾರೂ ಫೋನಿನಿಂದ ಫೋನಿಗೆ ಕಳಿಸಲಿಲ್ಲ.

ಹಾಡಿಗೆ ಮಾತ್ರ ನಾನು ಹೋಗಲಿಲ್ಲ. ಬಿ.ಎಡ್. ಮಾಡಿದೆ, ಪಿರಿಯಾಪಟ್ಟಣದಲ್ಲಿ ಕೆಲಸ ಸಿಕ್ಕಿತು. ಬೈಲಕುಪ್ಪೆಯ ಕಡೆಗೆ ಸಂಜೆ ವಾಕಿಂಗ್ ಹೋಗುತ್ತೇನೆ, ಮಕ್ಕಳಿಗೆ ವ್ಯಾಕರಣ ಹೇಳಿಕೊಡುತ್ತೇನೆ. ಆರು ಮುಂಗಾರು ಕಳೆದವು. ಸಹಿ ಹಾಕಿದ್ದೇನಲ್ಲ, ಅದು ಅವರಿಗೂ ತಲುಪಿರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಶನಿವಾರದ ಆ ಪೊಟ್ಟಣವನ್ನು ಮನೆಗೆ ತಂದೆ. ಅಡುಗೆ ಮಾಡಲಿಲ್ಲ, ಎಸೆಯಲೂ ಇಲ್ಲ. ಭಾನುವಾರ ಅವು ಕಪ್ಪಾಗಿ ನೀರೊಡೆದವು. ಸೋಮವಾರ ರಜೆ ಹಾಕಿ ಎಚ್.ಡಿ. ಕೋಟೆ ಬಸ್ಸು ಹತ್ತಿದೆ.

ಬೊಮ್ಮಜ್ಜಿ ಇದ್ದರು. ಇನ್ನಷ್ಟು ಸಣ್ಣಗಾಗಿದ್ದರು. ನನ್ನನ್ನು ಬಹಳ ಹೊತ್ತು ನೋಡಿ, “ಪುಸ್ತ್ಕದಲ್ಲಿ ಬರ್ಕಂಡೋಳು” ಎಂದರು.

ಜಗಲಿಯ ಕೆಳಗೆ ನಿಂತೇ ಹೇಳಿದೆ. ಆ ಆರು ಅಣಬೆ ನಾನು ತಂದದ್ದು, ಬೇರು ಕತ್ತರಿಸಿದ್ದು ನಾನು, ಗೊತ್ತಿದ್ದೂ ಸುಮ್ಮನಿದ್ದದ್ದು ನಾನು.

“ನಾ ಕಿತ್ತಿದ್ದು ನಂಗೆ ಗೊತ್ತಿಲ್ವಾ?” ಎಂದರು ಅಜ್ಜಿ. “ಅವತ್ತೇ ಯೋಳ್ದೆ, ಅದು ನಂದಲ್ಲ ಅಂತ. ಯಾರು ಕೇಳ್ತಾರೆ. ನೀನು ಬರ್ಕೊಟ್ಟೆ ಅಂತ ಆಪೀಸ್ನೋರು ಬಂದು ಯೋಳುದ್ರು. ಸರಿ, ಆಪೀಸ್ನೋರಿಗೆ ಯೋಳ್ದೆ. ನನ್ ಸೊಸೆಗೆ ಯೋಳ್ದಾ?”

“ಸೊಸೆಗಾ?” ಎಂದೆ.

“ಆರು ವರ್ಸ ಆಯ್ತು ಕಣವ್ವ. ಅವ್ಳು ನನ್ ಕೈಯಿಂದ ಅಣಬೆ ತಿಂದಿಲ್ಲ. ಮಕ್ಳಿಗೂ ಕೊಡಕ್ಕಿಲ್ಲ. ಬೈಯಲ್ಲ, ಏನೂ ಅನ್ನಲ್ಲ. ನಾ ಒಲೆ ಮುಂದೆ ಕುಂತ್ರೆ ಮಕ್ಳನ್ನ ಕರ್ಕಂಡು ಆಚೆ ಓಯ್ತಾಳೆ. ಈಗ ಅಟ್ಟೀಲಿ ಯಾರೂ ಕೀಳಕಿಲ್ಲ. ಉತ್ತದ ತಾವ ಅರಳ್ತವೆ, ಅಲ್ಲೇ ಕೊಳೀತವೆ.” ಆಮೇಲೆ ಒಳಗೆ ಕೂಗಿದರು, “ಗೌರಿ, ಬಾ ಇಲ್ಲಿ.”

ಗೌರಿ ಬಂದು ಬಾಗಿಲಲ್ಲಿ ನಿಂತಳು. ನನ್ನದೇ ವಯಸ್ಸಿನವಳು. ಅವಳ ಎದುರಿಗೆ ಮತ್ತೆ ಮೊದಲಿನಿಂದ ಹೇಳಿದೆ. ಬರೆದುಕೊಟ್ಟ ಕಾಗದಕ್ಕಿಂತ ಅದು ಕಷ್ಟವಾಗಿತ್ತು. ಅವಳು ಕೇಳಿಸಿಕೊಂಡು, “ಈಗ ಯೋಳ್ತಿದ್ದೀರಿ” ಎಂದಳು, ಅಷ್ಟೇ.

ಬೊಮ್ಮಜ್ಜಿ ಬುಟ್ಟಿ ತೆಗೆದುಕೊಂಡು ಹೋದರು, ಗಂಟೆಯೊಳಗೆ ವಾಪಸ್ ಬಂದರು. ಒಲೆಯ ಮುಂದೆ ಕೂತು ಒಂದೊಂದನ್ನೇ ಎತ್ತಿ ನನಗೆ ತೋರಿಸಿ, ಗೌರಿಗೆ ತೋರಿಸಿ, ಬೇರು ಮುರಿದು ಸಾಲಾಗಿಟ್ಟರು. ಹನ್ನೊಂದು. ಸಾರು ಕುದಿಯುವಾಗ ಅದೇ ವಾಸನೆ ಮನೆ ತುಂಬಿತು. ನಾನು ಬೇರುಗಳನ್ನು ಇನ್ನೊಮ್ಮೆ ಎಣಿಸಿದೆ.

ಮುದ್ದೆಯ ತಟ್ಟೆ ಮುಂದಿಡುವಾಗ ಅಜ್ಜಿ ಕೇಳಿದರು, “ಅವತ್ತು ನೀನು ಯಾವ್ದೋ ವಾರ ಅಂದೆ, ತಿನ್ಲಿಲ್ಲ. ಇವತ್ತು ಯಾವ ವಾರ?”

“ಸೋಮವಾರ ಅಜ್ಜಿ” ಎಂದೆ. ತಟ್ಟೆ ಹಿಡಿದೆ.

ಅಜ್ಜಿಯೂ ತಿಂದರು, ನಾನೂ ತಿಂದೆ. ಗೌರಿ ಬಾಗಿಲಿಗೊರಗಿ ನೋಡುತ್ತಿದ್ದಳು, ತಿನ್ನಲಿಲ್ಲ. ಸಂಜೆಯ ಬಸ್ಸಿಗೆ ಎದ್ದಾಗ, “ಇರಿ” ಎಂದಳು. “ಆಯಪ್ಪಂಗೂ ನಡುವೆ ಎರಡು ದಿನ ವಾಸಿ ಆದಂಗಿತ್ತು ಅಂತಿದ್ರು. ಗೊತ್ತಾಗೋ ಗಂಟ ಇರಿ.”

ಕಾಲೇಜಿಗೆ ಫೋನ್ ಮಾಡಿ ಇನ್ನೂ ನಾಲ್ಕು ದಿನ ರಜೆ ಹೇಳಿದೆ.

ಮಂಗಳವಾರ ಬೆಳಿಗ್ಗೆ ಗೌರಿ ಬಂದು ನನ್ನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಬೆಳಕಿಗೆ ಹಿಡಿದು ನೋಡಿದಳು. ಇವತ್ತು ಬೆಳಿಗ್ಗೆಯೂ ನೋಡಿದಳು. ಇದನ್ನು ಅವರ ಜಗಲಿಯ ಮೇಲೆ ಕೂತು, ಹಳೆಯ ಆ ನೋಟ್‌ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಒಳಗೆ ಬೊಮ್ಮಜ್ಜಿ ಸೊಪ್ಪು ಬಿಡಿಸುತ್ತಿದ್ದಾರೆ. ನನಗೇನೂ ಆಗಿಲ್ಲ, ಹೊಟ್ಟೆ ತಣ್ಣಗಿದೆ. ಆದರೆ ಇವತ್ತು ಬುಧವಾರ. ಬುಧವಾರ ಮೆಹಬೂಬಣ್ಣನೂ ಚೆನ್ನಾಗಿಯೇ ಇದ್ದರು.

ಒಲೆಯ ಪಕ್ಕದ ಬೇರುಗಳು ಒಣಗಿ ದಾರದಂತಾಗಿವೆ. ಕಸ ಗುಡಿಸುವಾಗ ಗೌರಿ ಅವುಗಳ ಸುತ್ತ ಗುಡಿಸುತ್ತಾಳೆ. ಇನ್ನೂ ಎಸೆದಿಲ್ಲ.